ಬೆಟ್ಟ ದೊಡ್ಡದು, ಜನ ಕಡಿಮೆ: ನಾರ್ವೆಯ ಔರ್ಲಾಂಡ್
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ನಾರ್ವೆ ದೇಶದ ಪಶ್ಚಿಮ ಭಾಗದಲ್ಲಿ ಔರ್ಲಾಂಡ್ ಎಂಬ ಪ್ರದೇಶವಿದೆ. ನಮ್ಮ ಪಂಚಾಯ್ತಿಯಂತೆ ಅದಕ್ಕೂ ಸ್ವಂತ ಆಡಳಿತ. ವಿಸ್ತೀರ್ಣ ಸುಮಾರು 1,470 ಚದರ ಕಿಲೋಮೀಟರ್. ಜನ ಎಷ್ಟಿರಬಹುದು ಹೇಳಿ? ಸುಮಾರು 1,800, ಅಷ್ಟೇ!

ಇದಕ್ಕೆ ಭೂಮಿಯೇ ಕಾರಣ. ಹಿಂದೆ ಹಿಮರಾಶಿಗಳು ಬೆಟ್ಟಗಳನ್ನು ಆಳವಾಗಿ ಕೊರೆದವು. ಆ ಕಣಿವೆಗೆ ಸಮುದ್ರ ನುಗ್ಗಿತು. ಇದಕ್ಕೇ ಫ್ಯೋರ್ಡ್ ಅಂತಾರೆ. ಔರ್ಲಾಂಡಿನ ಫ್ಯೋರ್ಡು 200 ಕಿಲೋಮೀಟರಿಗೂ ಉದ್ದದ ಸೋಗ್ನೆ ಫ್ಯೋರ್ಡಿನ ಕವಲು. ನೀರಿನಂಚಿಂದಲೇ ಕಡಿದಾದ ಬೆಟ್ಟ ಏಳುತ್ತದೆ. ಉಳುವ ನೆಲ ಅಂಚಿನಲ್ಲಿ, ಕಣಿವೆಯಲ್ಲಿ ಮಾತ್ರ, ಮನೆಗಳೂ ಅಲ್ಲೇ.

ಅಲ್ಲಿನ ಉಂಡ್ರೆಡಾಲ್ ಹಳ್ಳಿಯಲ್ಲಿ ಜನರಿಗಿಂತ ಮೇಕೆಗಳೇ ಜಾಸ್ತಿ. 1988ರವರೆಗೆ ಅದಕ್ಕೆ ರಸ್ತೆಯೇ ಇರಲಿಲ್ಲ, ದೋಣಿಯೇ ಗತಿ. ಆದರೂ ಮೇಕೆ ಸಾಕಣೆ ಬಿಡಲಿಲ್ಲ. ಹಾಲು ಒಡೆದು ಉಳಿದ ತಿಳಿನೀರನ್ನು ಗಂಟೆಗಟ್ಟಲೆ, ನಾವು ಖೋವಾ ಕಾಯಿಸಿದ ಹಾಗೆ, ಕುದಿಸಿ ಕಂದು ಚೀಸ್ ಮಾಡುತ್ತಾರೆ. ಊರಿಗೆ ಹೆಸರು ಬಂದದ್ದೇ ಅದರಿಂದ.

1940ರಲ್ಲಿ ಫ್ಲೋಮ್ ಹಳ್ಳಿಗೆ 20 ಕಿಲೋಮೀಟರಿನ ರೈಲು ಬಂತು. 2000ದಲ್ಲಿ ಲೇರ್ಡಾಲ್ ಕಡೆಗೆ ಇಪ್ಪತ್ನಾಲ್ಕೂವರೆ ಕಿಲೋಮೀಟರ್ ಸುರಂಗ ರಸ್ತೆ ಆಯ್ತು. ನೇರೋಯ್ ಫ್ಯೋರ್ಡು 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಬೇಸಿಗೆಯಲ್ಲಿ ಪ್ರವಾಸಿಗರದೇ ಜಾತ್ರೆ.

ಬಂಧುಗಳೇ, ತಲೆ ಎಣಿಸಿ ಊರನ್ನು ಅಳೆಯಬೇಡಿ. ದುಡಿಮೆಯೂ ದಾರಿಯೂ ಇದ್ದರೆ ಮಕ್ಕಳು ಊರಲ್ಲೇ ನಿಲ್ಲಲು ಮನಸ್ಸು ಮಾಡುತ್ತಾರೆ. ನಮ್ಮ ಸಂಘದ ಮುಂದಿನ ಇಪ್ಪತ್ತೈದು ವರ್ಷದ ಕೆಲಸವೂ ಅದೇ.