‘ವಿಶೇಷ ಇದೆ’ ಅಂತ ಕೆಲಸದ ಜಾಗದಲ್ಲಿ ಯಾವಾಗ ಹೇಳೋದು?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರಾ? ಬೆಳಿಗ್ಗೆ ಎಂಟೂವರೆಗೆ ಗುಬ್ಬಿಯಿಂದ ತುಮಕೂರಿಗೆ ಬರೋ ಬಸ್ಸಾದ್ರೆ ಬಹುಶಃ ನಿಂತೇ ಇರ್ತೀರ. ಇವತ್ತಿನ ಮಾತು ಹಾಗೆ ನಿಂತ್ಕೊಂಡು ಬರೋ ಒಬ್ಬ ಹುಡುಗಿ ಬಗ್ಗೆ. ಅವಳಿಗೀಗ ಎರಡು ತಿಂಗಳು. ಮನೇಲಿ ಗೊತ್ತು, ಕೆಲಸದ ಜಾಗದಲ್ಲಿ ಯಾರಿಗೂ ಗೊತ್ತಿಲ್ಲ. ಯಾವಾಗ ಹೇಳ್ಬೇಕು? ಯಾರಿಗೆ ಮೊದಲು ಹೇಳ್ಬೇಕು?

ನಮ್ಮ ಕಡೆ ಮದುವೆಯಾಗಿ ಆರು ತಿಂಗಳಾದ್ರೆ ಸಾಕು, ‘ಏನಮ್ಮಾ, ಏನಾದ್ರೂ ವಿಶೇಷನಾ?’ ಅಂತ ಕೇಳ್ತಾರೆ. ಮನೆಯವರು ಕೇಳಿದ್ರೆ ನಕ್ಕು ಸುಮ್ಮನಾಗಬಹುದು. ಮ್ಯಾನೇಜರ್ ಹತ್ರ ಹಾಗಲ್ಲ. ‘ಹೇಳಿದ್ರೆ ಪ್ರಮೋಷನ್ ಹೋಗುತ್ತಾ? ಕಾಂಟ್ರಾಕ್ಟ್ ರಿನ್ಯೂ ಮಾಡಲ್ವಾ?’ ಅನ್ನೋ ಭಯ ಇರುತ್ತೆ. ಆ ಭಯ ಸುಳ್ಳಲ್ಲ.

ಮೊದಲು ಹಿರಿಯರ ಮಾತು ನೋಡೋಣ. ‘ಮೂರು ತಿಂಗಳು ತುಂಬೋವರೆಗೂ ಯಾರಿಗೂ ಹೇಳ್ಬೇಡ, ದೃಷ್ಟಿ ಆಗುತ್ತೆ’ ಅಂತಾರೆ. ದೃಷ್ಟಿ ವಿಚಾರ ಪಕ್ಕಕ್ಕಿಡಿ, ಆದ್ರೆ ಅದರ ಹಿಂದೆ ಒಂದು ಅನುಭವ ಇದೆ. ಗರ್ಭ ನಿಲ್ಲದೇ ಹೋಗೋದು ಹೆಚ್ಚಾಗಿ ಮೊದಲ 12 ವಾರದೊಳಗೇ. ಊರಿಗೆಲ್ಲ ಹೇಳಿ ಆಮೇಲೆ ಹಾಗಾದ್ರೆ, ಸಿಕ್ಕಿದವರಿಗೆಲ್ಲ ಅದನ್ನೂ ಹೇಳ್ಬೇಕಲ್ಲ? ಆ ಸಂಕಟ ಬೇಡ ಅಂತ ಮೂರು ತಿಂಗಳ ಲೆಕ್ಕ.

ಸರಿ. ಆದ್ರೆ ಇನ್ನೊಂದು ಕಡೆಯಿಂದ ನೋಡಿ. ವಾಂತಿ, ಸುಸ್ತು, ತಲೆಸುತ್ತು ಎಲ್ಲ ಜೋರಾಗಿರೋದೂ ಅದೇ ಮೂರು ತಿಂಗಳಲ್ಲಿ. ಅಂದ್ರೆ ಸಹಾಯ ಜಾಸ್ತಿ ಬೇಕಾದ ಹೊತ್ತಲ್ಲೇ ಬಾಯಿ ಮುಚ್ಚಿಕೊಂಡಿರ್ತೀವಿ. ಕುಣಿಗಲ್‌ನಲ್ಲಿ ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಗಳು ಟಾರ್ಗೆಟ್ ಮುಗಿಸೋಕೆ ಓಡ್ತಾನೇ ಇರ್ತಾಳೆ. ವಸಂತನರಸಾಪುರದ ಫ್ಯಾಕ್ಟರೀಲಿ ಶಿಫ್ಟ್ ಪೂರ್ತಿ ನಿಂತು ಪ್ಯಾಕಿಂಗ್ ಮಾಡೋಳು ಭಾರ ಎತ್ತುತ್ತಾಳೆ. ಗೊತ್ತಿಲ್ಲದವರು ‘ಯಾಕೆ ಇವಳು ಪದೇ ಪದೇ ಬಾತ್‌ರೂಮ್‌ಗೆ ಹೋಗ್ತಾಳೆ?’ ಅಂತ ಗೊಣಗ್ತಾರೆ.

ಅದಕ್ಕೇ ನಾನು ಹೇಳೋದಿಷ್ಟು. ‘ಎಷ್ಟನೇ ತಿಂಗಳು’ ಅನ್ನೋದಕ್ಕಿಂತ ‘ಯಾರಿಗೆ’ ಅನ್ನೋದು ಮುಖ್ಯ. ಹೇಳೋದ್ರಲ್ಲಿ ಎರಡು ಥರ ಇದೆ. ಒಂದು, ಖುಷಿ ಹಂಚ್ಕೊಳ್ಳೋದು. ಅದು ನಿಮ್ಮ ಇಷ್ಟ, ಐದು ತಿಂಗಳಾದ ಮೇಲೆ ಹೇಳಿ, ಸೀಮಂತದ ದಿನವೇ ಹೇಳಿ, ಯಾರೂ ಕೇಳೋ ಹಾಗಿಲ್ಲ. ಇನ್ನೊಂದು, ನಿಮ್ಮ ಕೆಲಸವನ್ನ ಬದಲಾಯಿಸೋ ಅಧಿಕಾರ ಇರೋ ಒಬ್ಬರಿಗೆ ತಿಳಿಸೋದು. ಅದನ್ನ ನಿಮ್ಮ ಕೆಲಸದ ರೀತಿ ನಿರ್ಧರಿಸುತ್ತೆ. ಕುರ್ಚಿ ಮೇಲೆ ಕೂತು ಮಾಡೋ ಕೆಲಸ, ಆರೋಗ್ಯವೂ ಚೆನ್ನಾಗಿದೆ ಅಂದ್ರೆ 12 ವಾರ ಆಗಿ ಸ್ಕ್ಯಾನ್ ಮುಗೀಲಿ. ಭಾರ ಎತ್ತೋದು, ಕೆಮಿಕಲ್ ವಾಸನೆ, ಎಕ್ಸ್‌ರೇ ರೂಮು, ನೈಟ್ ಶಿಫ್ಟ್ ಇದ್ರೆ ಡಾಕ್ಟರ್ ಖಚಿತ ಮಾಡಿದ ವಾರವೇ ಆ ಒಬ್ಬರಿಗೆ ಹೇಳಿ. ‘ಇದು ನಮ್ಮಿಬ್ಬರಲ್ಲೇ ಇರ್ಲಿ’ ಅಂತಾನೂ ಹೇಳಿ.

ಈಗ ಕಾನೂನು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಯ್ತು. ಅದರ ಹಕ್ಕುಗಳನ್ನ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಸೇರಿಸಿದ್ದಾರೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಜಾಗದಲ್ಲಿ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. ಅದರಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ತಗೋಬಹುದು. ಹೆರಿಗೆ ದಿನಾಂಕಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು, ಅಷ್ಟೆ.

ಯಾವಾಗ ತಿಳಿಸ್ಬೇಕು ಅಂತ ಕಾನೂನು ಹೇಳುತ್ತಾ? ‘ಮೂರನೇ ತಿಂಗಳೊಳಗೆ ಹೇಳು’ ಅಂತ ಎಲ್ಲೂ ಇಲ್ಲ. ರಜೆಗೆ ಲಿಖಿತ ನೋಟಿಸ್ ಕೊಡಬೇಕು. ಮುಂಚೆ ಕೊಡೋಕೆ ಆಗದಿದ್ರೆ ಹೆರಿಗೆ ಆದ ಮೇಲೂ ಕೊಡಬಹುದು. ಹಾಗಾಗಿ ‘ನೀನು ತಡವಾಗಿ ಹೇಳಿದೆ, ರಜೆ ಇಲ್ಲ’ ಅಂತ ಯಾರಾದ್ರೂ ಅಂದ್ರೆ ಹೆದರಬೇಡಿ.

ನಾನು ಬಿಕಾಂ ಓದಿದವಳು, ಒಂದು ಲೆಕ್ಕ ಹಾಕೋಣ. ಡಾಕ್ಟರ್ ಡಿಸೆಂಬರ್ 15ಕ್ಕೆ ಡೇಟ್ ಕೊಟ್ಟಿದ್ದಾರೆ ಅಂದ್ಕೊಳ್ಳಿ. 12 ವಾರ ತುಂಬೋದು ಜೂನ್ ಶುರುವಲ್ಲಿ. 8 ವಾರ ಮುಂಚೆ ರಜೆ ಬೇಕು ಅಂದ್ರೆ ಅಕ್ಟೋಬರ್ 20ರಿಂದ. ಅಲ್ಲಿಂದ 26 ವಾರ ಅಂದ್ರೆ ಏಪ್ರಿಲ್ ಮೂರನೇ ವಾರಕ್ಕೆ ವಾಪಸ್ ಡ್ಯೂಟಿ. ಜೂನ್‌ನಲ್ಲೇ ಮ್ಯಾನೇಜರ್‌ಗೆ ಹೇಳಿದ್ರೆ, ನಿಮ್ಮ ಕೆಲಸ ಯಾರು ನೋಡ್ಕೋಬೇಕು ಅಂತ ಯೋಚಿಸೋಕೆ ಅವರಿಗೆ ನಾಲ್ಕು ತಿಂಗಳಿಗೂ ಹೆಚ್ಚು ಸಮಯ ಸಿಗುತ್ತೆ. ಮಾತಾಡೋಕೆ ಹೋದಾಗ ಈ ದಿನಾಂಕಗಳನ್ನ ಚೀಟೀಲಿ ಬರ್ಕೊಂಡು ಹೋಗಿ. ‘ನಾನು ಪ್ರೆಗ್ನೆಂಟ್’ ಅಂತ ಅಷ್ಟೇ ಹೇಳಿದ್ರೆ ಅವರ ತಲೇಲಿ ನೂರು ಪ್ರಶ್ನೆ ಬರುತ್ತೆ. ದಿನಾಂಕ ಇಟ್ಟು ಮಾತಾಡಿದ್ರೆ ಅರ್ಧ ಪ್ರಶ್ನೆ ಅಲ್ಲೇ ಮುಗಿಯುತ್ತೆ.

ಇನ್ನೊಂದು ಲೆಕ್ಕ. ನಿಮ್ಮ ಪೇ ಸ್ಲಿಪ್‌ನಲ್ಲಿ ಇಎಸ್‌ಐ ಅಂತ ಸಂಬಳದ 0.75% ಕಡಿತ ಕಾಣ್ತಿದೆಯಾ? ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರಿಗೆ ಅದು ಇರುತ್ತೆ. ಹಾಗಿದ್ರೆ ನಿಮ್ಮ ಹೆರಿಗೆ ರಜೆಯ ದುಡ್ಡು ಬರೋದು ಇಎಸ್‌ಐನಿಂದ, ಮಾಲೀಕರ ಜೇಬಿನಿಂದಲ್ಲ. ‘ಕೂರಿಸಿ ಸಂಬಳ ಕೊಡಬೇಕಾ?’ ಅನ್ನೋ ಮಾತಿಗೆ ಇದೇ ಉತ್ತರ.

ಮನಸ್ಸಿಗೆ ಕಷ್ಟ ಆಗೋ ವಿಷಯವನ್ನೂ ಹೇಳಿಬಿಡ್ತೀನಿ. ಗರ್ಭ ನಿಲ್ಲಲಿಲ್ಲ ಅಂದ್ರೂ ಕಾನೂನಿನಲ್ಲಿ 6 ವಾರ ಸಂಬಳ ಸಹಿತ ರಜೆ ಇದೆ. ಎಷ್ಟೋ ಜನ ‘ಜ್ವರ’ ಅಂತ ಎರಡು ದಿನ ರಜೆ ಹಾಕಿ ಮೂರನೇ ದಿನ ಬಂದು ಮತ್ತೆ ಮಿಷನ್ ಮುಂದೆ ಕೂರ್ತಾರೆ. ಯಾಕೆ? ಮೊದಲೇ ಯಾರಿಗೂ ಹೇಳಿರಲಿಲ್ಲ, ಈಗ ಹೇಗೆ ಹೇಳೋದು ಅಂತ. ಒಬ್ಬರಿಗಾದ್ರೂ ಗೊತ್ತಿರಲಿ ಅಂತ ನಾನು ಒತ್ತಿ ಹೇಳೋದು ಇದಕ್ಕೇ.

ಹೊಸದಾಗಿ ಕೆಲಸಕ್ಕೆ ಸೇರಿದವರ ಪ್ರಶ್ನೆ ಬೇರೆ. ‘ಪ್ರೊಬೇಷನ್‌ನಲ್ಲಿ ಇದ್ದೀನಿ, ಹೇಳಿದ್ರೆ ತೆಗೀತಾರಾ?’ ನೀರಾ ಮಾಥುರ್ ಅವರ ಕೇಸ್ ನೆನಪಿಟ್ಕೊಳ್ಳಿ. ದೆಹಲಿಯಲ್ಲಿ 1989ರಲ್ಲಿ ಎಲ್‌ಐಸಿಗೆ ಸೇರಿದ್ರು. 1990ರ ಜನವರಿಯಲ್ಲಿ ಮಗು ಆಯ್ತು, ಫೆಬ್ರವರಿಯಲ್ಲಿ ಪ್ರೊಬೇಷನ್‌ನಲ್ಲಿದ್ದಾಗಲೇ ಕೆಲಸದಿಂದ ತೆಗೆದರು. ಸೇರುವಾಗ ತುಂಬಿಸಿದ ಫಾರಂನಲ್ಲಿ ಮುಟ್ಟಿನ ದಿನಾಂಕ ತಪ್ಪು ಬರೆದಿದ್ದೀರಿ ಅನ್ನೋದು ಆರೋಪ. 1991ರಲ್ಲಿ ಸುಪ್ರೀಂ ಕೋರ್ಟ್ ಅವರನ್ನ ವಾಪಸ್ ಕೆಲಸಕ್ಕೆ ತಗೊಳ್ಳಿ ಅಂತು. ಜೊತೆಗೆ, ಮುಟ್ಟು, ಬಸಿರಿನ ಬಗ್ಗೆ ಕೇಳೋ ಆ ಕಾಲಂಗಳು ಹೆಣ್ಣಿನ ಮರ್ಯಾದೆಗೆ ಕುಂದು, ಅವನ್ನ ಫಾರಂನಿಂದಲೇ ತೆಗೀರಿ ಅಂತು. ದಿನಗೂಲಿಯವರಿಗೂ ಈ ಹಕ್ಕು ಇದೆ ಅಂತ 2000ದಲ್ಲಿ ದೆಹಲಿ ಮಹಾನಗರ ಪಾಲಿಕೆಯ ಕೂಲಿ ಹೆಣ್ಣುಮಕ್ಕಳ ಕೇಸಲ್ಲಿ ಅದೇ ಕೋರ್ಟ್ ಹೇಳಿದೆ.

ಹಾಗಾದ್ರೆ ಎಲ್ಲ ಸಲೀಸಾ? ಇಲ್ಲ. ಮಂಡಿಪೇಟೆಯಲ್ಲೋ, ಗುಬ್ಬಿಯ ಬಟ್ಟೆ ಅಂಗಡಿಯಲ್ಲೋ ಮೂರು ನಾಲ್ಕು ಜನರ ಜೊತೆ ಕೆಲಸ ಮಾಡೋಳಿಗೆ ಈ 26 ವಾರ ಅನ್ವಯಿಸಲ್ಲ. ಅವಳಿಗೆ ರಜೆ ಅನ್ನೋದು ಮಾಲೀಕರ ಮನಸ್ಸಿನ ಮೇಲೆ ನಿಂತಿದೆ. ಅಂಥವರು ಅಂಗಡೀಲಿ ಹೇಳೋದಕ್ಕೆ ಮುಂಚೆ ಆಶಾ ಕಾರ್ಯಕರ್ತೆಗೆ ಹೇಳಿ, ತಾಯಿ ಕಾರ್ಡ್ ಮಾಡಿಸಿ. ಮೊದಲ ಮಗುವಿಗೆ ಮಾತೃ ವಂದನಾ ಯೋಜನೆಯ 5,000 ರೂಪಾಯಿ ಬಗ್ಗೆ ಅಂಗನವಾಡಿಯಲ್ಲಿ ವಿಚಾರಿಸಿ. ಆಮೇಲೆ ಮಾಲೀಕರ ಹತ್ರ ‘ಅಣ್ಣ, ಇಂಥ ತಿಂಗಳವರೆಗೂ ಬರ್ತೀನಿ, ಬಾಣಂತನ ಮುಗಿಸ್ಕೊಂಡು ಇಂಥ ತಿಂಗಳು ವಾಪಸ್ ಬರ್ತೀನಿ’ ಅಂತ ಖಚಿತವಾಗಿ ಮಾತಾಡಿ.

ದೊಡ್ಡ ಕಡೆ ಕೆಲಸ ಮಾಡೋರು ಬಾಯಲ್ಲಿ ಹೇಳಿದ ದಿನವೇ ಒಂದು ಇಮೇಲ್ ಹಾಕಿ. ಇಮೇಲ್ ಇಲ್ಲದಿದ್ರೆ ಎರಡು ಸಾಲಿನ ಅರ್ಜಿ ಬರೆದು, ಇನ್ನೊಂದು ಪ್ರತಿ ಮೇಲೆ ಸೀಲು, ಸಹಿ ತಗೊಳ್ಳಿ. ಯಾಕಂದ್ರೆ ಬಸುರಿ ಅನ್ನೋ ಕಾರಣಕ್ಕೆ ಕೆಲಸದಿಂದ ತೆಗೆಯೋದು ಕಾನೂನಿಗೆ ವಿರುದ್ಧ. ಆದ್ರೆ ‘ನಮಗೆ ಗೊತ್ತೇ ಇರಲಿಲ್ಲ’ ಅಂತ ಅವರು ಅಂದುಬಿಟ್ರೆ ತೋರಿಸೋಕೆ ನಿಮ್ಮ ಕೈಯಲ್ಲಿ ಕಾಗದ ಇರಬೇಕು. ಕ್ಯಾಂಟೀನ್ ಮಾತು ಸಾಕ್ಷಿ ಆಗಲ್ಲ. ತೊಂದರೆ ಆದ್ರೆ ತುಮಕೂರಿನ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ವಕೀಲರ ನೆರವು ಉಚಿತ.

ಕೊನೇದಾಗಿ ಜೊತೆಯಲ್ಲಿ ಕೆಲಸ ಮಾಡೋರಿಗೆ ಎರಡು ಮಾತು. ಯಾರಾದ್ರೂ ನಿಮ್ಮನ್ನ ನಂಬಿ ಹೇಳಿದ್ರೆ, ಅದು ವಾಟ್ಸಾಪ್ ಗ್ರೂಪಿಗೆ ಹಾಕೋ ಸುದ್ದಿ ಅಲ್ಲ. ನಿಮಗೇ ಅನುಮಾನ ಬಂದ್ರೂ ‘ವಿಶೇಷನಾ?’ ಅಂತ ಕೇಳೋಕೆ ಹೋಗ್ಬೇಡಿ. ಅವರು ಎತ್ತೋ ಬಾಕ್ಸ್ ನೀವೇ ಎತ್ತಿಡಿ, ಬಸ್ಸಲ್ಲಿ ಸೀಟು ಬಿಟ್ಕೊಡಿ. ಹೇಳ್ಬೇಕು ಅನ್ಸಿದಾಗ ಅವರೇ ಹೇಳ್ತಾರೆ.

ಈ ಎಪಿಸೋಡ್ ಬೇಕಾಗಿರೋ ಒಬ್ಬರು ನಿಮಗೆ ಗೊತ್ತಿದ್ರೆ ಅವರಿಗೆ ಮಾತ್ರ ಕಳಿಸಿ, ಗ್ರೂಪಿಗೆ ಬೇಡ. ಮುಂದಿನ ವಾರ ಸಿಗೋಣ. ನಮಸ್ಕಾರ.