ಬರೆದದ್ದು ನಾವು, ಬೀಗದ ಕೈ ಅವರದು: ಅಧ್ಯಕ್ಷ ಭಾಷಣ

   

ನಮ್ಮ ಹಾವೇರಿ ಜಿಲ್ಲೆಯ ಸ್ವಯಂಸೇವಾ ಸಂಸ್ಥೆಗಳದು ಸುಮ್ಮನೆ ಹುಟ್ಟಿದ ಸೇವಾಕ್ಷೇತ್ರವಲ್ಲ. 1979ರಲ್ಲಿ ಸಾಮಾಜಿಕ ಕಾರ್ಯಕರ್ತ ಎಸ್.ಆರ್. ಹಿರೇಮಠರು ಅಮೆರಿಕದಿಂದ ಬಂದು ಕೆಲಸ ಶುರು ಮಾಡಿದ್ದು ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕಟ್ಟಿದ ಕಂಪನಿಗೆ ನೀಲಗಿರಿ ಬೆಳೆಸಲು ಹಳ್ಳಿಗಳ ಸಾಮೂಹಿಕ ಭೂಮಿ ಕೊಟ್ಟದ್ದರ ವಿರುದ್ಧ ನಡೆದ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಅದು. ನಮ್ಮ ಊರಿನ ನೆಲದ ಬಗ್ಗೆ ನಮ್ಮನ್ನು ಕೇಳದೆ ತೀರ್ಮಾನ ಮಾಡಿದವರು ಯಾರು ಎಂದು ಆ ಜನ ಕೇಳಿದರು. ಅದೇ ಜಿಲ್ಲೆಯ ನಾವು ಇವತ್ತು ನಮ್ಮ ದಾಖಲೆಯ ಬಗ್ಗೆ ಅಷ್ಟು ಕೇಳಲೂ ಅಂಜುತ್ತೇವೆ.

ನಾನು ಹೇಳಬೇಕಾದ ವಿಷಯ ಒಂದೇ. ನಮ್ಮ ಸಂಸ್ಥೆಗಳಲ್ಲಿ ಯಾವ ತಂತ್ರಾಂಶ ಬಳಸಬೇಕೆಂದು ತೀರ್ಮಾನಿಸುವವರು ದುಡ್ಡು ಕೊಡುವವರು. ಒಬ್ಬೊಬ್ಬ ದಾನಿಗೆ ಒಂದೊಂದು ಆ್ಯಪ್, ಒಂದೊಂದು ನಮೂನೆ, ಒಂದೊಂದು ಪಾಸ್‌ವರ್ಡ್. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಕೂರುವ ಹೆಣ್ಣುಮಕ್ಕಳನ್ನೇ ನೋಡಿ. ಆರೋಗ್ಯ ಯೋಜನೆಯವರು ಒಂದು ಆ್ಯಪ್‌ನಲ್ಲಿ ಹೆಸರು ಹತ್ತಿಸಿದರು, ಹೊಲಿಗೆ ತರಬೇತಿಯವರು ಇನ್ನೊಂದರಲ್ಲಿ, ಸ್ವಸಹಾಯ ಸಂಘದ ಉಳಿತಾಯ ಮತ್ತೊಂದರಲ್ಲಿ. ಮೂರರಲ್ಲೂ ಅದೇ ಹೆಸರು, ಅದೇ ಆಧಾರ್, ಮನೆಯಲ್ಲಿ ಎಷ್ಟು ಮಂದಿ ಎಂಬ ಅದೇ ಪ್ರಶ್ನೆ. ಒಬ್ಬಾಕೆ ನಮ್ಮ ಕಾರ್ಯಕರ್ತೆಯನ್ನು ಕೇಳಿದಳಂತೆ: “ಏನ್ ತಂಗಿ, ಹ್ವಾದ ತಿಂಗಳ ಎಲ್ಲಾ ಬರಕೊಂಡ ಹೋಗಿದ್ಯಲ್ಲ, ಕಳಕೊಂಡೇನು?” ಹುಡುಗಿ ಸುಮ್ಮನಾದಳು. ಹೌದು, ಕಳೆದುಕೊಂಡಿದ್ದೇವೆ ಅಂತ ಆಕೆ ಹೇಗೆ ಹೇಳಿಯಾಳು?

ಕಳೆದುಕೊಂಡಿದ್ದು ಹೇಗೆ ಅಂತ ನಾನು ಹೇಳುತ್ತೇನೆ. ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆ ಹೊಲಗಳಿಗೆ ಕೈಯಿಂದ ಪರಾಗಸ್ಪರ್ಶ ಮಾಡುವ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದ ಮಕ್ಕಳನ್ನು ಶಾಲೆಗೆ ಮರಳಿಸುವ ಯೋಜನೆ ನಮ್ಮ ಸಂಸ್ಥೆಯಲ್ಲಿತ್ತು. ದಾನಿ ಸಂಸ್ಥೆಯ ಹೆಸರು ಬೇಡ. ಯಾವ ಮಗು ಯಾವ ಶಾಲೆಗೆ ಸೇರಿತು, ಎಷ್ಟು ದಿನ ಹೋಯಿತು, ಅಪ್ಪನ ಸಾಲ ಯಾರ ಹತ್ತಿರ ಇತ್ತು, ಎಲ್ಲವೂ ಅವರ ಆ್ಯಪ್‌ನಲ್ಲಿ. ಮಾರ್ಚ್ 31ಕ್ಕೆ ಯೋಜನೆ ಮುಗಿಯಿತು. ಏಪ್ರಿಲ್‌ನಲ್ಲಿ ಲಾಗಿನ್ ತೆರೆಯಲಿಲ್ಲ. ಪತ್ರ ಬರೆದೆವು. ಲೈಸನ್ಸ್ ಅವಧಿ ಮುಗಿದಿದೆ ಎಂದರು. ಎಕ್ಸೆಲ್ ಹಾಳೆಯಾದರೂ ಕೊಡಿ ಎಂದೆವು. ಬಣ್ಣಬಣ್ಣದ ವೃತ್ತಗಳಿದ್ದ ಪಿಡಿಎಫ್ ವರದಿ ಬಂತು. ಅದರಲ್ಲಿ ಒಂದು ಮಗುವಿನ ಹೆಸರೂ ಇರಲಿಲ್ಲ. ಜೂನ್‌ನಲ್ಲಿ ಶಾಲೆ ತೆರೆದಾಗ ಯಾರು ಬರಲಿಲ್ಲವೆಂದು ನೋಡಲು ನಮ್ಮ ಕಾರ್ಯಕರ್ತರು ಮತ್ತೆ ನೋಟ್‌ಬುಕ್ ಹಿಡಿದು ಓಣಿ ಓಣಿ ತಿರುಗಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ನೈವೇದ್ಯ ತಂದವರೂ ನಾವೇ, ಹೊರಗೆ ನಿಂತವರೂ ನಾವೇ.

ಸರ್ಕಾರದ ಕತೆಯೂ ಇದೇ. ದೇಶದ ಹಲವು ಕಡೆ ಅಂಗನವಾಡಿಗಳಿಗೆ ಕಾಮ್‌ಕೇರ್ ತಂತ್ರಾಂಶದ ಮೇಲೆ ಕಟ್ಟಿದ ಐಸಿಡಿಎಸ್-ಕ್ಯಾಸ್ ಎಂಬ ಆ್ಯಪ್ ಬಂತು. 2021ರಲ್ಲಿ ಅದು ಬದಿಗೆ ಸರಿದು ಪೋಷಣ್ ಟ್ರ್ಯಾಕರ್ ಬಂತು. ದಿಲ್ಲಿಯಲ್ಲಿ ಒಂದು ಆದೇಶಕ್ಕೆ ಸಹಿ ಬಿದ್ದರೆ ಹಳ್ಳಿಯ ಕಾರ್ಯಕರ್ತೆ ಹೊಸದಾಗಿ ಕಲಿಯಬೇಕು, ಮನೆಗೆ ಹೋದ ಮೇಲೂ ಮೊಬೈಲ್ ಹಿಡಿದು ಕೂರಬೇಕು.

ಇದನ್ನೆಲ್ಲ ಮೊದಲ ಸಲ ಹೇಳುತ್ತಿಲ್ಲ. ಫಲಾನುಭವಿಗಳ ಹೆಸರಿಗೆ ನಮ್ಮದೇ ಸಾಮಾನ್ಯ ನೋಂದಣಿ ಇರಲಿ ಎಂಬ ಠರಾವನ್ನು ನಮ್ಮ ಸಂಸ್ಥೆಗಳ ಇದೇ ಒಕ್ಕೂಟದಲ್ಲಿ ಹಿಂದೆ ತಂದಿದ್ದೆ. ದುಡ್ಡು ಕೊಡುವವರನ್ನು ಎದುರು ಹಾಕಿಕೊಳ್ಳಬೇಡಿ ಎಂದು ಹಿರಿಯರೊಬ್ಬರು ಬುದ್ಧಿ ಹೇಳಿದರು. ಉಪಸಮಿತಿ ಆಯಿತು. ಉಪಸಮಿತಿ ಒಮ್ಮೆ ಸೇರಿತು, ಗಿರಮಿಟ್ಟು ಮಿರ್ಚಿ ತಿಂದಿತು, ವರದಿ ಕೊಡಲಿಲ್ಲ. ಅದರ ಸಂಚಾಲಕರು ಎರಡನೇ ಸಾಲಿನಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ; ನಗಲಿ. ಅದೇ ಅವಧಿಯಲ್ಲಿ ಪದಾಧಿಕಾರಿಯೊಬ್ಬರ ಪರಿಚಯದವರಿಂದ ಒಕ್ಕೂಟ ಒಂದು ತಂತ್ರಾಂಶ ಪ್ಯಾಕೇಜ್ ಕೊಂಡಿತು. ಪೂರ್ತಿ ಇಂಗ್ಲಿಷ್. ಅದರ ಡಬ್ಬಿ ಕಚೇರಿಯ ಕಪಾಟಿನಲ್ಲಿದೆ, ನೋಡಬೇಕೆಂದವರಿಗೆ ತೋರಿಸುತ್ತೇನೆ.

ದುಡ್ಡಿನ ಮಾತಿಗೆ ಬರೋಣ. ತಂತ್ರಾಂಶಕ್ಕೆ, ತರಬೇತಿಗೆ ಹಣ ಕೇಳಿದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ ನೋಡಿಕೊಳ್ಳುವ ಸಿಎಸ್‌ಆರ್ ಅಧಿಕಾರಿಗಳು ಐದು ಪರ್ಸೆಂಟ್ ಮಿತಿ ತೋರಿಸುತ್ತಾರೆ. ದಯವಿಟ್ಟು ಬರೆದುಕೊಳ್ಳಿ. 2021ರ ಜನವರಿಯಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ ನಿಯಮಗಳಲ್ಲಿರುವ ಆ ಶೇ 5ರ ಮಿತಿ ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ. ಯೋಜನೆಯ ರಚನೆ, ಜಾರಿ, ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ ಎಂದು ನಿಯಮವೇ ಹೇಳುತ್ತದೆ. ಮೇಲ್ವಿಚಾರಣೆಗೆ ಆ್ಯಪ್ ಬೇಕೆನ್ನುವವರು ಅದರ ಖರ್ಚನ್ನು ಯೋಜನೆಯಲ್ಲೇ ತೋರಿಸಲಿ. ವಿದೇಶಿ ದೇಣಿಗೆಯದು ಬೇರೆ. ಅಲ್ಲಿ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿದೆ, ಅದು ನಮ್ಮ ಕುತ್ತಿಗೆಗೇ ಬಂದಿದೆ. ಪುಕ್ಕಟೆ ಸಿಗುವುದನ್ನು ನಂಬಿ ಕೂರುವಂತೆಯೂ ಇಲ್ಲ. ಮೈಕ್ರೋಸಾಫ್ಟ್ ನಮ್ಮಂಥ ಸಂಸ್ಥೆಗಳಿಗೆ ಕೊಡುತ್ತಿದ್ದ ಬಿಸಿನೆಸ್ ಪ್ರೀಮಿಯಂ ಉಚಿತ ಲೈಸನ್ಸನ್ನು 2025ರ ಜುಲೈಯಿಂದ ನಿಲ್ಲಿಸಿ ರಿಯಾಯಿತಿಗೆ ಇಳಿಯಿತು.

ಇನ್ನು ಕಾನೂನು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದಿವೆ. ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು ಎನ್ನುತ್ತದೆ ಕಾಯ್ದೆ. ಕನ್ನಡವೂ ಆ ಪಟ್ಟಿಯಲ್ಲಿದೆ. ಮಕ್ಕಳ ಮಾಹಿತಿಗೆ ತಂದೆತಾಯಿಯ ಖಚಿತ ಒಪ್ಪಿಗೆ ಬೇಕು. ಈಗ ನಾವು ಬಳಸುವ ಆ್ಯಪ್‌ಗಳಲ್ಲಿ ಇಂಗ್ಲಿಷ್‌ನ ನಾಲ್ಕು ಸಾಲಿನ ಕೆಳಗೆ ಟಿಕ್ ಹಾಕುತ್ತಿರುವವರು ತಾಯಂದಿರಲ್ಲ, ನಮ್ಮ ಕಾರ್ಯಕರ್ತರು.

ನಮ್ಮ ಮನೆಯ ಹುಳುಕನ್ನೂ ಹೇಳಬೇಕು. ಹಳೆಯ ವರದಿ, ನಡಾವಳಿ, ಫಲಾನುಭವಿಗಳ ಪಟ್ಟಿ ಹೆಚ್ಚಿನವು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿವೆ. ಕನ್ನಡ ಗಣಕ ಪರಿಷತ್ತು ನುಡಿ ಕೊಟ್ಟಾಗ ಅದು ದೊಡ್ಡ ಉಪಕಾರ, ಅನುಮಾನವಿಲ್ಲ. ಆದರೆ ಆ ಕಡತಗಳನ್ನು ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು, ಯಾವ ತಂತ್ರಾಂಶಕ್ಕೂ ಹೋಗುವುದಿಲ್ಲ, ಹೆಸರು ಹುಡುಕಿದರೆ ಸಿಗುವುದಿಲ್ಲ. ನುಡಿಯ ಹೊಸ ಆವೃತ್ತಿಯಲ್ಲೇ ಯೂನಿಕೋಡ್ ಇದ್ದರೂ ಟೈಪ್ ಮಾಡುವವರ ಕೈ ಹಳೆಯದಕ್ಕೇ ಹೋಗುತ್ತದೆ. ದಾಖಲೆಗೆ ಇನ್ನೊಂದು ಪ್ರತಿ ಇಡುವ ರೂಢಿಯೂ ನಮ್ಮಲ್ಲಿಲ್ಲ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ಬೆಲೆ ಕುಸಿದು ರೈತರ ಸಿಟ್ಟಿಗೆ ಬ್ಯಾಡಗಿ ಎಪಿಎಂಸಿ ಕಚೇರಿ ಬೆಂಕಿಗೆ ಸಿಕ್ಕಿದಾಗ ಇಲ್ಲಿರುವ ಹಲವರು ನನಗೆ ಫೋನ್ ಮಾಡಿದ್ದಿರಿ. ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲಿರುವ ದಾಖಲೆಯ ಇನ್ನೊಂದು ಪ್ರತಿ ಎಲ್ಲಿದೆ ಎಂದು ನಾನು ಕೇಳಿದೆ. ಒಬ್ಬರೂ ಹೇಳಲಿಲ್ಲ.

ಆಗಬೇಕಾದ್ದು ಇಷ್ಟು. ಯಾವ ಒಪ್ಪಂದಕ್ಕೂ ಸಹಿ ಹಾಕುವ ಮೊದಲು ಒಂದು ಷರತ್ತು ಬರೆಸಿ: ಯೋಜನೆ ಮುಗಿದ 30 ದಿನದೊಳಗೆ ನಾವು ತುಂಬಿದ ಅಷ್ಟೂ ಮಾಹಿತಿ, ಹೆಸರುಗಳ ಸಮೇತ, ಯೂನಿಕೋಡ್ ಕನ್ನಡದಲ್ಲಿ, ಸಿಎಸ್‌ವಿ ಕಡತವಾಗಿ ನಮ್ಮ ಕೈ ಸೇರಬೇಕು. ಕೊನೆಯ ದಿನದವರೆಗೆ ಕಾಯಬೇಡಿ, ಮೊದಲ ವಾರವೇ ಹತ್ತು ಹೆಸರು ತುಂಬಿ ಹೊರತೆಗೆದು ನೋಡಿ. ಬರದಿದ್ದರೆ ಆ ಆ್ಯಪ್ ಬೇಡ. ಮುಖ್ಯ ಲಾಗಿನ್ ಸಂಸ್ಥೆಯ ಇಮೇಲ್‌ನಲ್ಲಿರಲಿ, ನಾಳೆ ದಾವಣಗೆರೆಗೋ ಬೆಂಗಳೂರಿಗೋ ಕೆಲಸ ಹುಡುಕಿ ಹೋಗುವ ಹುಡುಗನ ಮೊಬೈಲ್ ಸಂಖ್ಯೆಯಲ್ಲಿ ಬೇಡ. ಸಮೀಕ್ಷೆಗೆ ಕೋಬೋಟೂಲ್‌ಬಾಕ್ಸ್ ಇದೆ, ನೆಟ್‌ವರ್ಕ್ ಇಲ್ಲದ ಊರಲ್ಲೂ ಬರೆದುಕೊಂಡು ಆಮೇಲೆ ಕಳಿಸಬಹುದು. ನಿರಂತರ ದಾಖಲೆಗೆ ಬೆಂಗಳೂರಿನಲ್ಲೇ ಕಟ್ಟಿದ ಅವ್ನಿ ಇದೆ, ಮುಕ್ತ ತಂತ್ರಾಂಶ. ಎರಡನ್ನೂ ಒಂದೊಂದು ತಾಲ್ಲೂಕಿನಲ್ಲಿ ಆರು ತಿಂಗಳು ನಡೆಸಿ ನೋಡಿ ಆಮೇಲೆ ತೀರ್ಮಾನಿಸೋಣ.

ಇನ್ನೊಂದೆರಡು ಆಸೆಗಳಿವೆ. ದಾನಿಗಳೆಲ್ಲ ಕೂಡಿ ಒಂದೇ ನಮೂನೆಗೆ ಒಪ್ಪಬೇಕು. ತಾಲ್ಲೂಕಿಗೊಬ್ಬ ತಂತ್ರಾಂಶ ಸಹಾಯಕರನ್ನು ಯಾವುದಾದರೂ ಕಂಪನಿ ಸಾಕಬೇಕು. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಹಾಡು ಕತೆಗಳ ಜೊತೆ ನಮ್ಮ ಹಳೆಯ ನಡಾವಳಿಗಳನ್ನೂ ಗಣಕದಲ್ಲಿ ಕಾಪಾಡಬೇಕು. ಆಗುತ್ತದೋ ಇಲ್ಲವೋ, ಕೇಳುವುದಕ್ಕೆ ಖರ್ಚಿಲ್ಲ.

ನುಡಿ ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ತಂದವರು ನೋಂದಣಿ ಮೇಜಿನ ಬಳಿ ಕೊಡಿ, ಸಂಜೆಯೊಳಗೆ ಯೂನಿಕೋಡ್‌ಗೆ ಬದಲಿಸಿ ಕೊಡುತ್ತಾರೆ. ಠರಾವಿನ ಕರಡು ನಿಮ್ಮ ಚೀಲದಲ್ಲಿದೆ, ಒಂದೇ ಪುಟ. ಊಟದ ನಂತರ ಮಂಡನೆ. ತಿದ್ದುಪಡಿ ಇದ್ದವರು ಬರೆದು ಕೊಡಿ, ಚರ್ಚೆ ಮಾಡೋಣ, ಬೇಕಾದರೆ ಜಗಳವನ್ನೂ ಆಡೋಣ. ಉಪಸಮಿತಿ ಮಾಡಿ ಎನ್ನುವ ತಿದ್ದುಪಡಿಯನ್ನು ಮಾತ್ರ ನಾನು ಸ್ವೀಕರಿಸುವುದಿಲ್ಲ.