ಲಂಡನ್ನಿನ ವಾದ್ಯವೃಂದ, ಮೈಸೂರಿನ ಮಹಾರಾಜರು
(ಶತಮಾನೋತ್ಸವದ ಗಾಯನ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿಯಿಂದ ಆಗಮಿಸಿರುವ ಗಾಯನ ಮಂಡಳಿಗಳವರು ಇಂದು ಒಂದೇ ವೇದಿಕೆಯ ಮೇಲೆ ಹಾಡಲಿದ್ದೀರಿ. ಈ ಶುಭ ಸಂದರ್ಭದಲ್ಲಿ ದೂರದೇಶದ ಒಂದು ಸಂಗೀತ ಕಚೇರಿಯ ವೃತ್ತಾಂತವನ್ನು ತಮ್ಮ ಮುಂದಿಡಬಯಸುತ್ತೇನೆ.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಆ ಕಚೇರಿ ಜರುಗಿತು. ನುಡಿಸಿದ್ದು ಬ್ರಿಟನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದ. ನಿರ್ದೇಶಿಸಿದವರು ಜರ್ಮನಿಯ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಹಾಡಿದವರು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್. ಜರ್ಮನಿಯ ರಿಚರ್ಡ್ ಸ್ಟ್ರಾಸ್ 1948ರಲ್ಲಿ, 84ರ ಆಸುಪಾಸಿನ ಇಳಿವಯಸ್ಸಿನಲ್ಲಿ ರಚಿಸಿದ ‘ನಾಲ್ಕು ಕೊನೆಯ ಹಾಡುಗಳು’ ಅಂದು ಮೊತ್ತಮೊದಲು ಕೇಳಿಬಂದವು. ಅವನ್ನು ಕೇಳಲು ಅವರೇ ಉಳಿದಿರಲಿಲ್ಲ. 1949ರ ಸೆಪ್ಟೆಂಬರಿನಲ್ಲಿ ನಿಧನರಾಗಿದ್ದರು.

ಆ ಕಚೇರಿಗೆ ಧನಸಹಾಯವಿತ್ತವರು ಯಾರು ಬಲ್ಲಿರಾ? ನಮ್ಮ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರು. ಅವರ ಸಂಗ್ರಹಕ್ಕಾಗಿ ಅದನ್ನು ಧ್ವನಿಮುದ್ರಿಸಲಾಯಿತು. ಆದುದರಿಂದಲೇ ಅಂದಿನ ಗಾಯನ ಇಂದಿಗೂ ಉಳಿದಿದೆ. ಪಾಶ್ಚಾತ್ಯ ಸಂಗೀತವನ್ನು ಪ್ರೀತಿಸಿದ ಮಾತ್ರಕ್ಕೆ ಅವರು ಸ್ವಂತ ಸಂಗೀತವನ್ನು ಮರೆಯಲಿಲ್ಲ. ಕರ್ನಾಟಕ ಶೈಲಿಯಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು ಅವರು. 1956ರ ನವೆಂಬರ್ 1ರಂದು ನಮ್ಮ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದಾಗ ನಮಗೆ ರಾಜ್ಯಪಾಲರಾದವರೂ ಅವರೇ.

ಆದರೆ ನನ್ನ ಮನಸ್ಸನ್ನು ತಟ್ಟುವ ಸಂಗತಿ ಬೇರೊಂದಿದೆ. 1941ರ ಮೇ ತಿಂಗಳಲ್ಲಿ ಜರ್ಮನಿಯ ಬಾಂಬುಗಳು ಲಂಡನ್ನಿನ ಕ್ವೀನ್ಸ್ ಹಾಲ್ ಎಂಬ ಪ್ರಸಿದ್ಧ ಸಂಗೀತ ಮಂದಿರವನ್ನು ಸುಟ್ಟು ನಾಶಮಾಡಿದ್ದವು. ಒಂಬತ್ತು ವರ್ಷಗಳಲ್ಲಿ ಅದೇ ನಗರದ ವಾದಕರು ಜರ್ಮನ್ ನಿರ್ದೇಶಕನ ಕೈಸನ್ನೆಗೆ ಕಣ್ಣಿಟ್ಟು, ಜರ್ಮನ್ ಸಂಗೀತವನ್ನು ನುಡಿಸಿದರು. ಆ ನಿರ್ದೇಶಕರಾದರೋ ಹಿಟ್ಲರನ ಆಳ್ವಿಕೆಯಲ್ಲಿ ಸ್ವದೇಶದಲ್ಲೇ ಉಳಿದುದಕ್ಕಾಗಿ ಯುದ್ಧಾನಂತರ ವಿಚಾರಣೆಗೆ ಗುರಿಯಾದವರು. ಯಾರ ನೋವೂ ಅಳಿದಿರಲಿಲ್ಲ, ಸತ್ತವರು ಮರಳಿರಲಿಲ್ಲ. ಆದರೂ ಅವರು ಜೊತೆಗೆ ಕುಳಿತರು.

ವಾದ್ಯವೃಂದದಲ್ಲಿ ಪಕ್ಕದವನ ನಾದಕ್ಕೆ ಕಿವಿಗೊಡದೆ ಯಾರೂ ನುಡಿಸಲಾರರು. ತನ್ನ ಸರದಿ ಬರುವವರೆಗೆ ಮೌನವಾಗಿರುವುದೂ ಅಲ್ಲಿ ಒಂದು ಕೆಲಸವೇ. ನಮ್ಮ ಗಾಯನ ಮಂಡಳಿಗಳಲ್ಲಿಯೋ, ಹೊಲದ ಬದುವಿನ ಜಗಳಕ್ಕೆ, ಕಾಲುವೆ ನೀರಿನ ಸರದಿಗೆ ಮಾತು ಬಿಟ್ಟವರು ಒಂದೇ ಸಾಲಿನಲ್ಲಿ ನಿಲ್ಲಲು ಒಪ್ಪುವುದಿಲ್ಲ! ಬಾಂಬು ಬಿದ್ದ ಊರಿನವರಿಗೆ ಸಾಧ್ಯವಾದದ್ದು ಬದು ಒತ್ತಿದವರ ನೆರೆಯವರಿಗೆ ಸಾಧ್ಯವಾಗದೇ?

ಇಂದು ಹಾಡುವ ಮುನ್ನ, ಮಾತು ಬಿಟ್ಟವರ ಪಕ್ಕದಲ್ಲಿಯೇ ಹೋಗಿ ನಿಲ್ಲಿರಿ. ಶ್ರುತಿ ಅಲ್ಲಿಂದಲೇ ಕೂಡಲಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.